ಹೊಗೆಯಾಡದ ಕೆಂಡ

ಕಳೆದ ಭಾನುವಾರ ಮೊಮ್ಮಗ ತಾರಸಿಯ ಮೇಲೆ ಕೋಳಿ ಸುಡುವ ಸಡಗರದಲ್ಲಿದ್ದ. ಚೀಲ ಹರಿದು ಇದ್ದಿಲು ಸುರಿದಾಗ ಎದ್ದ ಕರಿಧೂಳಿನ ವಾಸನೆ ಮೂಗಿಗೆ ಬಡಿಯಿತು. ಎಂಬತ್ತು ದಾಟಿದ ಮೇಲೆ ಸುಮ್ಮನೆ ಕೂರುವುದು ಒಳ್ಳೆಯದೇ, ಆದರೆ ನನ್ನ ಕೈ ಕೇಳಬೇಕಲ್ಲ. ಎರಡು ತುಂಡು ಎತ್ತಿ ಒಂದಕ್ಕೊಂದು ತಟ್ಟಿ, ಇದು ಅರೆಬೆಂದದ್ದು, ಬರೀ ಹೊಗೆ ಬರುತ್ತೆ ಎಂದು ತೀರ್ಪು ಕೊಟ್ಟೇಬಿಟ್ಟೆ.

ಈ ವಿದ್ಯೆ ಕಲಿಸಿದವಳು ಅಪ್ಪನ ತಾಯಿ, ನಮ್ಮಜ್ಜಿ. ತ್ಯಾಮಗೊಂಡ್ಲು ಕಡೆಯ ನಮ್ಮೂರಿನಲ್ಲಿ ಮಾಂಸ, ನಮ್ಮ ಮಾತಿನಲ್ಲಿ ಬಾಡು, ಸುಡುವುದಕ್ಕೆ ಅವಳನ್ನು ಬಿಟ್ಟರಿಲ್ಲ, ತಿನ್ನುವುದಕ್ಕೂ ಅಷ್ಟೇ. ಜಾಲಿಯ ಇದ್ದಿಲೋ ಹುಣಸೆಯದೋ ಆಗಬೇಕು, ತಟ್ಟಿದರೆ ಠಣ್ ಎನ್ನಬೇಕು, ಮುರಿದರೆ ಒಳಗೆ ಮಿನುಗಬೇಕು. ಕಂದುಬಣ್ಣ ಕಂಡರೆ ಅದು ಇನ್ನೂ ಸೌದೆಯೇ. ಎರಡನೇ ಮಹಾಯುದ್ಧದ ಕಾಲ ಬೇರೆ, ಒಳ್ಳೆಯ ಇದ್ದಿಲನ್ನೆಲ್ಲ ಬಸ್ಸುಗಳೇ ನುಂಗುತ್ತಿದ್ದವು. ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಲ್ಲಿ ಕೆಮ್ಮುತ್ತ ಓಡುವ ಬಸ್ಸುಗಳು. ಉಳಿದ ಚೂರುಪಾರಿನಲ್ಲಿ ಆರಿಸಿ ಆರಿಸಿ ನನ್ನ ಕಿವಿ ಚುರುಕಾಗಿತ್ತು.

ಮಿಲಿಟರಿಗೆ ಸೇರಿದ್ದ ಅಣ್ಣ ನಾಲ್ಕು ದಿನದ ರಜೆಗೆ ಬಂದಿದ್ದ. ಬಂದದ್ದು ಶ್ರಾವಣದಲ್ಲಿ. ನಾವು ತಿಮ್ಮಪ್ಪನ ಒಕ್ಕಲು, ಆ ತಿಂಗಳಿಡೀ ಮನೆಯೊಳಗೆ ಮೊಟ್ಟೆಯೂ ಇಲ್ಲ. ಉಪ್ಪು, ಅರಿಶಿನ ಸವರಿ ಒಣಗಿಸಿದ ಬಾಡು, ಉಪ್ಪುಖಂಡ, ಅದರ ಗಡಿಗೆಗೆ ಬಟ್ಟೆ ಕಟ್ಟಿ ಅಟ್ಟ ಹತ್ತಿಸಿದ್ದರು. ಶನಿವಾರ ಅಪ್ಪ, ಅವ್ವ ರಾಗಿ ಹೊಲದ ಕಳೆಗೆ ಹೋಗಿದ್ದರು, ಅಜ್ಜಿ ಗುಡಿಗೆ. ಅಣ್ಣ ಮಾರನೆಯ ಬೆಳಿಗ್ಗೆ ಎದ್ದು ಹೊರಡಬೇಕು.

"ಡಬ್ಬದ ಊಟ ತಿಂದೂ ತಿಂದೂ ನಾಲಿಗೆ ಸತ್ತೋಗೈತೆ ಕಣೆ" ಎಂದ. "ಇನ್ನೊಂದ್ಸಲ ಬರ್ತೀನೋ ಇಲ್ವೋ. ಉಪ್ಪುಖಂಡ ಎರಡು ತುಂಡು ಸುಟ್ಕೊಡು."

ಇದನ್ನು ಕೇಳಿದ ಮೇಲೆ ಯಾವ ತಂಗಿ ಇಲ್ಲ ಎನ್ನುತ್ತಾಳೆ, ನೀವೇ ಹೇಳಿ. ಹೊಗೆ ಎದ್ದರೆ ಬೀದಿಗೆಲ್ಲ ಗೊತ್ತಾಗುತ್ತದೆ ಎಂದು ಇದ್ದಿಲನ್ನು ಒಂದೊಂದಾಗಿ ತಟ್ಟಿ ಆರಿಸಿದೆ. ಹಿತ್ತಿಲಲ್ಲಿ ಕೆಂಡ ಮಾಡಿಕೊಂಡು ಅಗ್ಗಿಷ್ಟಿಕೆಯನ್ನು ಹಿಂದಿನ ಕೋಣೆಗೆ ತಂದೆ. ವಾಸನೆ ಹೊರಗೆ ಹೋಗಬಾರದಲ್ಲ, ಕಿಟಕಿಗೆ ಗೋಣಿಚೀಲ ತುರುಕಿದೆ, ಬಾಗಿಲ ಸಂದಿಗೆ ಕಂಬಳಿ. ಕೆಂಡದಿಂದ ಒಂದೆಳೆ ಹೊಗೆ ಏಳಲಿಲ್ಲ. ಎಷ್ಟು ಬೀಗಿದೆ ಗೊತ್ತೇ? ಸ್ವಲ್ಪ ಹೊತ್ತಿಗೆ ತಲೆ ಸಿಡಿಯತೊಡಗಿತು. ಭಯಕ್ಕೆ ಇರಬೇಕು ಅಂದುಕೊಂಡೆ. ಬಾಡು ಚುಚ್ಚಿದ ಕಡ್ಡಿ ನಾನು ತಿರುಗಿಸ್ತೀನಿ, ನೀನು ಜಗಲಿಯಲ್ಲಿ ಕಾವಲು ನಿಲ್ಲು ಎಂದ ಅಣ್ಣ. ಹೋಗುವಾಗ ಬಾಗಿಲನ್ನು ಭದ್ರವಾಗಿ ಎಳೆದುಕೊಂಡೆ, ಅಣ್ಣ ಒಳಗಿಂದ ಸಂದಿಗೆ ಮತ್ತೆ ಕಂಬಳಿ ತುರುಕಿದ.

ಅಜ್ಜಿ ಎಣಿಸಿದ್ದಕ್ಕಿಂತ ಬೇಗ ಬಂದಳು, ಕೈಯಲ್ಲಿ ತೀರ್ಥದ ಚೊಂಬು. ಗುಡಿಯಲ್ಲಿ ಯಾರ್ಯಾರು ಬಂದಿದ್ದರು ಎಂದು ಕೇಳಿ ತಡೆಯಲು ನೋಡಿದೆ. ಅವಳು ನನ್ನ ಮುಖವನ್ನೇ ನೋಡಿ, ಅಣ್ಣ ಎಲ್ಲಿ ಎಂದಳು. ಮಲಗಿದ್ದಾನೆ ಎಂದೆ. ಉತ್ತರ ಕೇಳಿಸಿಕೊಳ್ಳದೆ ನೇರ ಹಿಂದಿನ ಕೋಣೆಗೆ ನಡೆದು ಎರಡು ಸಲ ಕೂಗಿದಳು. ಒಳಗಿಂದ ಸದ್ದಿಲ್ಲ. ಬಾಗಿಲು ತಳ್ಳಿದರೆ ಕಂಬಳಿಗೆ ಸಿಕ್ಕಿಕೊಂಡಿತು. ಇಬ್ಬರೂ ಭುಜ ಕೊಟ್ಟು ನೂಕಿದೆವು.

ಅಣ್ಣ ಅಗ್ಗಿಷ್ಟಿಕೆಯ ಪಕ್ಕ ಉರುಳಿದ್ದ. ಮುಖ ಕೆಂಪಗಿತ್ತು, ಅಲುಗಾಡಿಸಿದರೆ ಕತ್ತು ವಾಲಿತು. ಅಳುತ್ತ ಎಲ್ಲವನ್ನೂ ಒದರಿಬಿಟ್ಟೆ. ಅಜ್ಜಿ ಬೈಯಲಿಲ್ಲ. ಈ ಮೈಲಿಗೆಯ ವಾಸನೆಯೂ ಮನೆಯಲ್ಲಿರಬಾರದು ಎಂದು ಕಿಟಕಿಯ ಗೋಣಿಚೀಲ ಕಿತ್ತೆಸೆದಳು, ಸೆರಗಿನಲ್ಲೇ ಹಿಡಿದು ಅಗ್ಗಿಷ್ಟಿಕೆಯನ್ನು ಬಾಡಿನ ಸಮೇತ ಹಿತ್ತಿಲಿಗೆ ಬಿಸಾಡಿದಳು. ಇಬ್ಬರೂ ಸೇರಿ ಅಣ್ಣನನ್ನು ಹೊರಗೆಳೆದೆವು. ಅವನ ಮುಖಕ್ಕೆ ತೀರ್ಥ ಚಿಮುಕಿಸಿ ಕೈಮುಗಿದಳು.

"ತಪ್ಪಾಯ್ತು ತಿಮ್ಮಪ್ಪ. ಇವನ ಉಸಿರು ತಿರುಗಿಸು. ನಾನು ಸಾಯೋಗಂಟ ಬಾಡು ಮುಟ್ಟಲ್ಲ."

ಎಷ್ಟು ಹೊತ್ತು ಹೋಯಿತೋ ತಿಳಿಯದು. ಅಣ್ಣ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟ. ಮಾರನೆಯ ದಿನ ಭಾರವಾದ ತಲೆ ಹೊತ್ತೇ ಹೊರಟ, ಯುದ್ಧ ಮುಗಿಸಿ ಬಂದ, ಮದುವೆಯಾದ, ಮಕ್ಕಳೂ ಆದವು.

ಅಜ್ಜಿ ಮಾತು ಮುರಿಯಲಿಲ್ಲ. ಹಬ್ಬದಲ್ಲಿ ನಮಗಾಗಿ ತಾನೇ ಇದ್ದಿಲು ತಟ್ಟಿ ಆರಿಸಿ, ಹದ ನೋಡಿ ಸುಟ್ಟುಕೊಟ್ಟು, ಕೈ ತೊಳೆದು ಸೊಪ್ಪಿನ ಸಾರಿಗೆ ಮುದ್ದೆ ಮುರಿಯುತ್ತಿದ್ದಳು. ದೇವರನ್ನು ಕೆಣಕಿದವಳು ನಾನು, ದಂಡ ತೆತ್ತವಳು ಅವಳು. ಅಪ್ಪನಿಗೂ ಅವಳು ಕೊನೆತನಕ ಹೇಳಲಿಲ್ಲ.

ಭಾನುವಾರ ಕೋಳಿ ಅರ್ಧ ಬೆಂದಿರುವಾಗ ಹನಿ ಶುರುವಾಯಿತು. ಒಲೆಯನ್ನು ತಾರಸಿಯ ರೂಮಿಗೆ ಎಳೆದು ಬಾಗಿಲು ಹಾಕು, ಇರಚಲು ಬಡಿಯುತ್ತೆ ಎಂದೆ.

"ಬೇಡ ಅಜ್ಜಿ" ಎಂದ ಮೊಮ್ಮಗ, ಒಲೆಗೆ ಕೊಡೆ ಹಿಡಿದು. "ಹೊಗೆ ಇಲ್ದಿದ್ರೂ ಕೆಂಡದಿಂದ ವಿಷದ ಗಾಳಿ ಬರುತ್ತೆ. ಮುಚ್ಚಿದ ರೂಮಲ್ಲಿ ಕೂತಲ್ಲೇ ಪ್ರಾಣ ಹೋಗ್ಬಿಡುತ್ತೆ."

ಹಾಗಾದರೆ ತಿಮ್ಮಪ್ಪ ಕೋಪಿಸಿಕೊಂಡೇ ಇರಲಿಲ್ಲ. ಅಣ್ಣನನ್ನು ಕೆಡವಿದ್ದು ನಾನು ತುರುಕಿದ ಗೋಣಿಚೀಲ, ಉಳಿಸಿದ್ದು ಅದನ್ನು ಕಿತ್ತ ಅಜ್ಜಿಯ ಕೈ. ಎಪ್ಪತ್ತು ವರ್ಷದ ಭಯ ಇಳಿದು ಹೋಯಿತು, ಅದರ ಜಾಗದಲ್ಲಿ ಅಳು ಬಂತು. ಮೊಮ್ಮಗ ಮೊದಲ ತುಂಡನ್ನು ನನ್ನ ತಟ್ಟೆಗೆ ಹಾಕಿ ಉಪ್ಪು ಸರಿಯಾಗಿದೆಯಾ ಎಂದು ಕೇಳುತ್ತಿದ್ದ. ಬಾಡೆಂದರೆ ಪ್ರಾಣ ಬಿಡುತ್ತಿದ್ದ ನಮ್ಮಜ್ಜಿಗೆ, ನೀನೂ ಒಂದು ತುಂಡು ತಿನ್ನಬಹುದಿತ್ತು ಎಂದು ಇನ್ನು ಯಾರು ಹೋಗಿ ಹೇಳುತ್ತಾರೆ?