ತೋಡಿನ ದಡಕ್ಕೆ ಕಾಫಿ ಗೂಟ

ಮನೆಯಲ್ಲಿ ಏನೇ ಕೆಟ್ಟರೂ ಬೈಯುವುದಕ್ಕೆ ನಮ್ಮ ಮಾವನವರಿಗೆ ಒಂದು ಜಾಗ ಸಿಕ್ಕಿತ್ತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸುಂಟಿಕೊಪ್ಪದಿಂದ ಬಸ್ಸು ತಡವಾಗಿ ಬಂದರೆ ಮೈಸೂರು, ಹಸು ಒದ್ದರೆ ಮೈಸೂರು. ತೋಟದ ಕೆಳಗೆ ಹರಿಯುವ ತೋಡಿನಲ್ಲಿ ಮೀನು ಕಾಣೆಯಾದದ್ದಕ್ಕೂ ಅವರು ಅದನ್ನೇ ಹೇಳಿದಾಗ ನನಗೆ ತಡೆಯಲಾಗಲಿಲ್ಲ. ಸೋಮವಾರಪೇಟೆ ಕಡೆಯಿಂದ ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಆದರೆ ನನ್ನ ಬಾಯಿಯನ್ನು ತವರಿನಲ್ಲಿ ಬಿಟ್ಟು ಬಂದಿರಲಿಲ್ಲವಲ್ಲ.

"ಮೀನಿಗೆ ಯಾವ ರಾಜ್ಯ ಮಾವ? ದಡದ ಕಾಡು ಕಡಿಸಿದ್ದು ನೀವಲ್ವಾ?" ಎಂದುಬಿಟ್ಟೆ.

ಒಳಗೆ ಅತ್ತೆಯ ಸೌಟಿನ ಸದ್ದು ನಿಂತಿತು. ನನ್ನ ಗಂಡ ಎದ್ದು ಕಾಫಿ ಕಣದ ಕಡೆ ನಡೆದರು. ಮಾತು ಬಿಸಿಯಾದಾಗಲೆಲ್ಲ ಅವರಿಗೆ ಕಣದಲ್ಲಿ ಕೆಲಸವಿರುತ್ತಿತ್ತು.

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎರಡೂ ದಡಗಳಲ್ಲಿದ್ದ ಅತ್ತಿ, ನೇರಳೆ, ಹೊಳೆಮತ್ತಿ, ವಾಟೆ ಬಿದಿರು ಎಲ್ಲವನ್ನೂ ಕಡಿಸಿ ಮಾವ ನೀರಿನ ಅಂಚಿನವರೆಗೂ ಕಾಫಿ ಇಡಿಸಿದ್ದರು. ಮುಂದಿನ ಮಳೆಗಾಲದ ಪ್ರವಾಹ ಕಾಫಿ ಗಿಡಗಳನ್ನು ಬೇರು ಸಮೇತ ಕೊಂಡೊಯ್ದಿತು. ಉಳಿದದ್ದು ಕೆಂಪು ಮಣ್ಣಿನ ಬೋಳು ದಡ, ಮಣ್ಣು ತುಂಬಿದ ಗುಂಡಿಗಳು, ಬೇಸಿಗೆಯಲ್ಲಿ ಬಿಸಿಯಾಗುವ ನೀರು. ಅಲ್ಲಿಂದ ಸ್ವಲ್ಪ ಮೇಲೆ, ಅದೇ ತೋಡು ದೇವರಕಾಡಿನೊಳಗೆ ಹರಿಯುವಲ್ಲಿ, ಮರದ ನೆರಳಲ್ಲಿ ಮೀನು ಆಡುವುದನ್ನು ನಾನೇ ಕಣ್ಣಾರೆ ಕಂಡಿದ್ದೆ. ನಮ್ಮ ಬೋಳು ಶುರುವಾದಲ್ಲಿಗೆ ಒಂದೂ ಇಳಿಯುತ್ತಿರಲಿಲ್ಲ.

"ನೆರಳಿಲ್ಲದ ನೀರಲ್ಲಿ ಮೀನು ಎಂತ ಮಾಡೋದು? ಛತ್ರಿ ಹಿಡ್ಕೊಂಡು ನಿಲ್ಲೋದಾ?" ಎಂದು ಅತ್ತೆ ಒಳಗಿಂದಲೇ ಕೇಳಿದರು.

ಅತ್ತೆಗೆ ಈ ಸಂಗತಿ ಬರೀ ಸಾರಿನ ಮಾತಾಗಿರಲಿಲ್ಲ. ಅವರಪ್ಪ ಹೆಣೆದು ಕೊಟ್ಟ ಒಂದು ಕೂಳಿ, ಅಂದರೆ ಮೀನು ಹಿಡಿಯುವ ಬಿದಿರಿನ ಬುಟ್ಟಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯುತ್ತ ಇತ್ತು. ಮೊದಲ ಮಳೆಗೆ ಮೀನು ತೋಡು ಹತ್ತುವಾಗ ಅದನ್ನು ಕಲ್ಲುಗಳ ಸಂದಿಗೆ ಇಡುವುದು ಮದುವೆಯಾದಂದಿನಿಂದ ಅವರ ಪಾಲಿನ ಹಬ್ಬ. ಪ್ರತಿ ವರ್ಷ ಸವೆದ ಕಡ್ಡಿ ತೆಗೆದು ಹೊಸದು ಹೆಣೆಯುತ್ತಿದ್ದರಂತೆ. ಮೀನು ಹೋದ ಮೇಲೆ ಅವರು ಅದನ್ನು ಕೆಳಗಿಳಿಸಿರಲಿಲ್ಲ. ಅಪ್ಪ ಹೋದರು, ಮೀನು ಹೋಯಿತು, ಇನ್ನು ಕೂಳಿ ಯಾಕೆ ಅಂತ ಒಮ್ಮೆ ನನ್ನೆದುರು ಕಣ್ಣು ಒರೆಸಿಕೊಂಡಿದ್ದರು. ನಾನು ಬಾಯಿ ಬಿಟ್ಟದ್ದು ಅದಕ್ಕೇ.

ಮಾವ ಮೀಸೆ ತಿರುವಿ ಕರಾರು ಹಾಕಿದರು. "ಸರಿ, ನೀನೇ ಕಾಡು ಬೆಳೆಸು. ಐದನೇ ಮಳೆಗಾಲಕ್ಕೆ ನನ್ನ ಬಟ್ಟಲಿಗೆ ತೋಡಿನ ಮೀನು ಬರ್ಬೇಕು. ಬರ್ಲಿಲ್ಲಾಂದ್ರೆ ನೀರಿನ ತನಕ ರೊಬಸ್ಟಾ ಕಾಫಿ ಇಡ್ತೇನೆ. ಆಮೇಲೆ ಬಾಯಿ ತೆಗೀಬಾರ್ದು."

ದೇವರಕಾಡಿನಿಂದ ಒಂದು ಕಡ್ಡಿಯನ್ನೂ ತರುವಂತಿಲ್ಲ. ಆದರೆ ನೀರು ಕೊಚ್ಚಿ ತಂದ ಬೀಜ ಕಾಡಿನ ಹೊರಗೆ ಮರಳಿನಲ್ಲಿ ಮೊಳೆತಿದ್ದರೆ? "ಅದು ದೇವರೇ ಹೊರಗೆ ಹಾಕಿದ್ದು, ನಮ್ಮದು" ಎಂದು ಅತ್ತೆ ತೀರ್ಪು ಕೊಟ್ಟರು. ಸೆರಗು ಕಟ್ಟಿ ಇಬ್ಬರೂ ಸಸಿ ಕಿತ್ತು ತಂದು ಈಚೆ ದಡದುದ್ದಕ್ಕೂ ನೆಟ್ಟೆವು.

ಮಳೆ ಬಿಡುವು ಕೊಟ್ಟಾಗ ತೋಟಕ್ಕೆ ಕಳೆ ಕಡಿಯುವ ಆಳುಗಳು ಇಳಿದರು. ಸಂಜೆ ಮೇಸ್ತ್ರಿ ಹಲ್ಲು ಕಿರಿಯುತ್ತ ಬಂದ. "ತೋಡಿನ ದಡ ಪೂರಾ ಕ್ಲೀನ್ ಅಮ್ಮಾ! ಒಂದು ಹುಲ್ಲು ಬಿಡಲಿಲ್ಲ!"

ಓಡಿ ಹೋಗಿ ನೋಡಿದರೆ ನನ್ನ ಒಂದು ಸಸಿಯೂ ಇಲ್ಲ. ಅಯ್ಯೋ ದೇವರೇ! ಮೇಸ್ತ್ರಿಯನ್ನು ಅದೇ ತೋಡಿಗೆ ತಳ್ಳುವಷ್ಟು ಸಿಟ್ಟು ಬಂತು. ಅತ್ತೆ ನನ್ನ ಕೈ ಹಿಡಿದರು. "ಅವನ ತಪ್ಪೆಂತದು? ಕಾಫಿ ಅಲ್ಲದ್ದೆಲ್ಲ ಅವ್ರಿಗೆ ಕಳೆ. ಅವ್ರ ಕಣ್ಣಿಗೆ ಗಿಡ ಕಾಣೋದಿಲ್ಲ ಮಾರಾಯ್ತಿ, ಗೂಟ ಕಾಣೋದು."

ಹೌದಲ್ಲ! ಎಳೆ ಕಾಫಿ ಗಿಡಕ್ಕೆಲ್ಲ ಪಕ್ಕದಲ್ಲೊಂದು ಗೂಟ ಇರುತ್ತದೆ. ಗೂಟವಿದ್ದಲ್ಲಿ ಕತ್ತಿ ತಾನಾಗಿ ಸುತ್ತು ಹಾಕಿ ಹೋಗುತ್ತದೆ. ಮುಂದಿನ ಮುಂಗಾರಿಗೆ ಮತ್ತೆ ಸಸಿ ನೆಟ್ಟು, ಪ್ರತಿಯೊಂದರ ಪಕ್ಕ ಕಾಫಿ ಗೂಟ ಹೊಡೆದೆವು. ಒಂದೂ ಹೋಗಲಿಲ್ಲ. ಹೋಗುವುದಿರಲಿ, ಬೇಸಿಗೆ ಬಂದಾಗ ಆಳುಗಳು ಕಾಫಿ ಸಸಿಗೆ ಕಟ್ಟುವ ಹಾಗೆ ಅತ್ತಿ ಸಸಿಗೂ ಸೊಪ್ಪಿನ ಪುಟ್ಟ ಚಪ್ಪರ ಕಟ್ಟಿ ನೆರಳು ಮಾಡಿದ್ದರು. ನಾನು ಅವರಿಗೆಲ್ಲ ಬೆಲ್ಲದ ಕಾಫಿ ಕೊಟ್ಟೆ. ಕಡಿದ ಹಳೆ ಬುಡದಿಂದ ವಾಟೆ ಬಿದಿರೂ ತಾನಾಗಿ ಚಿಗುರಿತು.

ಆ ಖುಷಿ ಬಹಳ ಕಾಲ ಇರಲಿಲ್ಲ. ಗಿಡಗಳು ಸೊಂಟ ದಾಟಿದ ವರ್ಷ, ಒಂದು ಬೆಳಿಗ್ಗೆ ಹೋಗಿ ನೋಡಿದರೆ ಅತ್ತಿ, ಮತ್ತಿ, ನೇರಳೆ ಎಲ್ಲದರ ತಲೆ ಒಂದೇ ಎತ್ತರಕ್ಕೆ ಹಾರಿಹೋಗಿದೆ!

"ಗೂಟ ಇದ್ದ ಗಿಡಕ್ಕೆ ಟಾಪಿಂಗ್ ಮಾಡಬೇಕಲ್ಲ ಅಮ್ಮಾ" ಎಂದ ಮೇಸ್ತ್ರಿ, ಮುಖದಲ್ಲಿ ಕಳವಳ. ಕಾಫಿ ಗಿಡ ಎತ್ತರಕ್ಕೆ ಹೋಗದೆ ಅಗಲಕ್ಕೆ ಹರಡಲಿ ಎಂದು ತಲೆ ಕತ್ತರಿಸುತ್ತಾರಲ್ಲ, ಅದೇ ಶಿಸ್ತು ಇಲ್ಲಿಗೂ. ನನಗೆ ಅಳು ಬಂತು. ಅತ್ತೆ ಮಾತ್ರ ದಡದಲ್ಲಿ ಕುಕ್ಕರಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ, "ನೋಡುವ, ಇರು" ಎಂದರು.

ತಲೆ ಹೋದ ಗಿಡಗಳು ಸುಮ್ಮನೆ ಕೂರಲಿಲ್ಲ. ಪಕ್ಕಕ್ಕೆ ರೆಂಬೆ ಚಾಚಿ ನೀರಿನ ಮೇಲೆ ಬಾಗಿದವು. ಎತ್ತರದ ಮರವಾಗಿದ್ದರೆ ಎಷ್ಟೋ ವರ್ಷ ಹಿಡಿಯುತ್ತಿದ್ದ ನೆರಳು ಎರಡೇ ಬೇಸಿಗೆಯಲ್ಲಿ ಬಂತು. ಎಲೆ ನೀರಿಗೆ ಬಿತ್ತು, ಹುಳ ಬಿತ್ತು. ಬೇರು ಮಣ್ಣು ಹಿಡಿಯಿತು, ನೀರು ತಿಳಿಯಾಯಿತು.

ಕರಾರಿನ ಮಳೆಗಾಲದ ಮೊದಲ ದೊಡ್ಡ ಮಳೆ ಹೊಡೆದ ಸಂಜೆ ಅತ್ತೆ ಯಾರಿಗೂ ಹೇಳದೆ ಏಣಿ ಹತ್ತಿ ಕೂಳಿ ಇಳಿಸಿ, ತೋಡಿನ ಕಲ್ಲುಗಳ ಸಂದಿಗೆ ಇಟ್ಟು ಬಂದರು. ಬೆಳಿಗ್ಗೆ ಇಬ್ಬರೂ ಮಳೆಗೆ ತಲೆಯ ಮೇಲೆ ಎಲೆಯ ಗೊರಬೆ ಹೊದ್ದು ಹೋದೆವು. ಅತ್ತೆ ಕೂಳಿ ಎತ್ತಿ, "ಭಾರ ಉಂಟು!" ಎಂದು ಕೂಗಿದರು. ಒಳಗೆ ಬೆಳ್ಳಿ ಹೊಟ್ಟೆಯ ಮೀನು ಪಟಪಟ ಬಡಿಯುತ್ತಿದ್ದವು. ನಾನು ಕುಣಿದೆ. ಅತ್ತೆ ಒಂದನ್ನು ಹಿಡಿದು ಹೊಟ್ಟೆ ಮುಟ್ಟಿ ನೋಡಿದರು, ಇನ್ನೊಂದನ್ನು ನೋಡಿದರು. ಆಮೇಲೆ ಕೂಳಿಯನ್ನು ತೋಡಿನ ಮೇಲ್ಬದಿಯ ನೀರಿಗೆ ಬೋರಲು ಹಾಕಿಬಿಟ್ಟರು.

"ಅತ್ತೆ! ಮಾವನ ಬಟ್ಟಲು!"

"ಎಲ್ಲ ಮೊಟ್ಟೆ ತುಂಬಿದ ಬಸುರಿಯರು ಮಾರಾಯ್ತಿ. ಮೊದ್ಲು ತೋಡು ತುಂಬ ಇತ್ತು, ಹಿಡಿದ್ರೂ ನಡೀತಿತ್ತು. ಈಗ ಬಂದದ್ದೇ ಇಷ್ಟು. ಇವನ್ನೂ ತಿಂದ್ರೆ ಬರುವ ವರ್ಷ ಪುನಃ ಮೈಸೂರನ್ನೇ ಬೈಬೇಕು."

ಮಧ್ಯಾಹ್ನ ಮಾವನ ಬಟ್ಟಲಿಗೆ ಬಿದ್ದದ್ದು ಎಳೆ ಬಿದಿರಿನ ಕಣಿಲೆ ಸಾರು. "ಮೀನೆಲ್ಲಿ?" ಎಂದರು. "ತೋಡಲ್ಲುಂಟು, ನಾನೇ ಬಿಟ್ಟೆ" ಎಂದರು ಅತ್ತೆ. "ಹಾಗಾದ್ರೆ ಕರಾರು ಮುಗೀತು" ಎಂದು ಮಾವ ಎದ್ದು, ಛತ್ರಿ ತೆಗೆದುಕೊಂಡು ಮಳೆಯಲ್ಲೇ ಇಳಿದು ಹೋದರು. ನಾನು ಬಾಗಿಲವರೆಗೂ ಓಡಿ ಅವರು ಹೋದ ದಿಕ್ಕನ್ನೇ ನೋಡಿದೆ. ಅತ್ತೆ ಮಾತ್ರ ಒಲೆ ಮುಂದೆ ಕೂತು ಬಿದಿರು ಸೀಳಿ ಕೂಳಿಗೆ ಹೊಸ ಕಡ್ಡಿ ಹೆಣೆಯತೊಡಗಿದರು.

ಮಾವ ಬರುವಾಗ ಸಾರು ಆರಿ ತಣ್ಣಗಾಗಿತ್ತು, ಅವರ ಪಂಚೆ ಮೊಣಕಾಲವರೆಗೆ ಒದ್ದೆ. ಹಾಗೆಯೇ ಕೂತು ಉಂಡರು. ಕೈ ತೊಳೆದು ಜಗಲಿಯಿಂದ ಮೇಸ್ತ್ರಿಯನ್ನು ಕೂಗಿ, "ನಾಳೆ ಗೂಟ ಸೀಳಿಸು. ತೋಡಿಗೆ" ಎಂದರು.

ನಾನು ಚೆಂಬು ಕುಕ್ಕಿದೆ. "ರೊಬಸ್ಟಾಕ್ಕಾ ಮಾವ?"

"ರೊಬಸ್ಟಾ ಯಾರಿಗೆ ಬೇಕು? ಆಚೆ ದಡ ಬೋಳು ಬಿದ್ದದ್ದು ಕಾಣೋದಿಲ್ವಾ ನಿಂಗೆ? ಪಾಪ, ಮೀನೆಲ್ಲ ಈಚೆ ಬದಿಗೇ ಒತ್ತಿಕೊಂಡು ನಿಂತಿದ್ದಾವೆ."