ಹಾಸಿಗೆ ಅಂಗಡಿಯ ‘ನಮ್ಮ ಬಗ್ಗೆ’ ಪುಟ

ಇದನ್ನು ಬರೆಯುವುದನ್ನು ನಾನು ಬಹಳ ವರ್ಷ ಮುಂದಕ್ಕೆ ತಳ್ಳುತ್ತ ಬಂದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆಯೋಣ ಎಂದುಕೊಂಡೆ. ಆಮೇಲೆ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಮೇಲೆ ಎಂದುಕೊಂಡೆ. ಕಣ್ಣು ಸರಿಹೋಯಿತು, ಅಂಗಡಿಯೂ ಕೈಬಿಟ್ಟುಹೋಯಿತು. ಇನ್ನು ಹೇಳಿಕೊಳ್ಳಲು ನೆಪ ಉಳಿದಿಲ್ಲ.

ಕಡೂರಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಪ್ರಿಂಟಿಂಗ್ ಪ್ರೆಸ್ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದವನು ನಾನು. ಕಂಪ್ಯೂಟರ್ ಬಂದಾಗ ಡಿಟಿಪಿ ಕಲಿತೆ, ಸ್ವಂತ ಅಂಗಡಿ ಇಟ್ಟೆ. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಎಷ್ಟೋ ಮನೆಗಳ ಲಗ್ನಪತ್ರಿಕೆಗಳು ನನ್ನಲ್ಲೇ ಅಚ್ಚಾಗುತ್ತಿದ್ದವು. ಜನ ನನ್ನನ್ನು ಕರೆಯುತ್ತಿದ್ದದ್ದೇ ಪ್ರೆಸ್ ರುದ್ರಣ್ಣ ಎಂದು. ಮೊಬೈಲ್ ಡೇಟಾ ಅಗ್ಗವಾಗಿ, ಲಗ್ನಪತ್ರಿಕೆಯನ್ನೂ ವಾಟ್ಸಾಪಿನಲ್ಲೇ ಕಳಿಸುವ ಕಾಲ ಬಂದಾಗ ಅಚ್ಚಿನ ಕೆಲಸ ಇಳಿಯಿತು. ಆಗ ನಾನು ಸಣ್ಣ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸಕ್ಕೆ ಕೈಹಾಕಿದೆ.

ಅದು ಕೇಳಿದಷ್ಟು ದೊಡ್ಡ ವಿದ್ಯೆಯಲ್ಲ. ಡೊಮೇನ್ ಎಂದರೆ ಅಂಗಡಿಯ ವಿಳಾಸ. ಹೋಸ್ಟಿಂಗ್ ಎಂದರೆ ಅಂಗಡಿ ಇಡಲು ಬಾಡಿಗೆಗೆ ಹಿಡಿದ ಜಾಗ. ಟೆಂಪ್ಲೇಟ್ ಎಂದರೆ ಯಾರೋ ಮೊದಲೇ ಎಬ್ಬಿಸಿಟ್ಟ ಗೋಡೆ. ನಾವು ಬಣ್ಣ ಬಳಿದು ಬೋರ್ಡು ಹಾಕಿದರೆ ಮುಗಿಯಿತು. ಬ್ಲಾಗ್ ಎಂದರೆ ಅದೇ ಅಂಗಡಿಯಲ್ಲಿ ಕೂತು, ವ್ಯಾಪಾರಕ್ಕೆ ಮುಂಚೆ ಗಿರಾಕಿಯ ಜೊತೆ ಆಡುವ ಮಾತು. ಇದನ್ನೆಲ್ಲ ನಾನು ವಿಡಿಯೋ ನೋಡಿ ಕಲಿತೆ. ಆ ವಿಡಿಯೋಗಳಲ್ಲಿ ಒಂದು ಮಾತನ್ನು ಎಲ್ಲರೂ ಹೇಳುತ್ತಿದ್ದರು. ‘ನಮ್ಮ ಬಗ್ಗೆ’ ಎಂಬ ಪುಟದಲ್ಲಿ ಮಾಲೀಕನ ಮುಖ ಇರಲೇಬೇಕು. ಸಾಮಾನನ್ನು ಮುಟ್ಟಿ ನೋಡಲಾಗದ ಗಿರಾಕಿ ಮುಖ ನೋಡಿ ನಂಬುತ್ತಾನೆ. ಈ ಪಾಠವನ್ನು ನಾನು ಚೆನ್ನಾಗಿ ಕಲಿತಿದ್ದೆ. ಅದೇ ಕಷ್ಟಕ್ಕೆ ಬಂತು.

ತರೀಕೆರೆಯಿಂದ ಒಬ್ಬರು ಮಗಳನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದರು. ಸುತ್ತಲ ಹಳ್ಳಿಗಳಲ್ಲಿ ಅವರನ್ನು ಹಾಸಿಗೆ ಸಾಬ್ರು ಎನ್ನುತ್ತಿದ್ದರು. ಹತ್ತಿ ಹಿಂಜಿ ಹಾಸಿಗೆ ಹೊಲಿಯುವುದು ಅವರ ತಂದೆಯ ಕಾಲದಿಂದ ಬಂದ ಕಸುಬು. ಅವರ ಕೆಲಸಕ್ಕೆ ಒಂದು ಪದ್ಧತಿಯಿತ್ತು. ಮದುವೆ ಹಾಸಿಗೆಯನ್ನು ಅವರು ಅಂಗಡಿಯಲ್ಲಿ ಹೊಲಿಯುತ್ತಿರಲಿಲ್ಲ. ಹೆಣ್ಣಿನವರ ಮನೆಗೇ ಹೋಗಿ, ಅಂಗಳದಲ್ಲಿ ಚಾಪೆ ಹಾಸಿ ಹತ್ತಿ ಸುರಿದು, ಮನೆಯವರ ಎದುರಿಗೇ ಗವಸು ತುಂಬಿ ಹೊಲಿಯುತ್ತಿದ್ದರು. ಹಳೆಯ ಹತ್ತಿ ಬೆರೆಸಿಲ್ಲ ಎನ್ನುವುದಕ್ಕೆ ಅದೇ ಖಾತ್ರಿ.

“ಫೋಮ್ ಹಾಸಿಗೆ ಬಂದು ನಮ್ದು ಮುಗ್ದೋಗ್ತಾ ಐತೆ ರುದ್ರಣ್ಣ” ಎಂದರು. “ನನಗೇನು, ವಯಸ್ಸಾಯ್ತು. ಇವಳು ಕಸುಬು ಬಿಡಲ್ಲ ಅಂತ ಕೂತವ್ಳೆ. ನಮ್ಮಂಥೋರು ಇನ್ನೂ ಇದೀವಿ ಅಂತ ನಾಕು ಜನಕ್ಕೆ ಗೊತ್ತಾಗ್ಬೇಕು.”

“ಹಟ ಹಿಡ್ದು ಕೂತಿರೋದು ನಾನಲ್ಲ ಅಬ್ಬಾ, ನೀವು. ಮೆಷಿನ್ ಮುಂದೆ ನನ್ನ ಕೂರ್ಸೋದೇ ಇಲ್ಲ” ಎಂದಳು ಮಗಳು. ಪಿಯುಸಿ ಓದಿದ್ದಳು. ಬ್ಲಾಗಿಗೆ ಬೇಕಾದ ಬರಹವನ್ನು ತಾನೇ ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸುತ್ತೇನೆ ಎಂದಳು.

ಅವಳು ಕಳಿಸಿದ್ದನ್ನು ಓದಿ ನಾನು ಕೆಲಸ ಬಿಟ್ಟು ಕೂತುಬಿಟ್ಟೆ. ಅಪ್ಪ ಹೇಳಿದ್ದನ್ನು ಹಾಗೆಯೇ ಬರೆದಿದ್ದಳು. ಅವಳ ತಾತ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಊರೂರು ನಡೆಯುತ್ತಿದ್ದದ್ದು, ಬಿಲ್ಲಿನ ಸದ್ದಿಗೆ ಮಕ್ಕಳು ಓಡಿ ಬರುತ್ತಿದ್ದದ್ದು, ಮದುವೆ ಮನೆಯ ಮುದುಕಿಯರು ತೋಳುದ್ದ ಕೈಯನ್ನು ಮೂಟೆಗೆ ಇಳಿಸಿ ತಳದ ಹತ್ತಿ ತೆಗೆದು ನೋಡುತ್ತಿದ್ದದ್ದು, ಬೂರುಗದ ಹತ್ತಿಯ ದಿಂಬು ಹೊಲಿದ ದಿನ ತಾತ ಹುಬ್ಬೆಲ್ಲ ಬೆಳ್ಳಗಾಗಿ ಮನೆಗೆ ಬರುತ್ತಿದ್ದದ್ದು. ನಾನು ಮಾಡಿದ ಯಾವ ವೆಬ್‌ಸೈಟಿಗೂ ಅಂಥ ಬರಹ ಸಿಕ್ಕಿರಲಿಲ್ಲ.

ಜೊತೆಗೆ ಒಂದು ಫೋಟೋ ಕಳಿಸಿದ್ದಳು. ಅಪ್ಪ ಟೋಪಿ ಹಾಕಿಕೊಂಡು ಹತ್ತಿ ರಾಶಿಯ ಪಕ್ಕ ಕೂತಿದ್ದಾರೆ, ನಗುತ್ತಿದ್ದಾರೆ. ಅದನ್ನು ‘ನಮ್ಮ ಬಗ್ಗೆ’ ಪುಟಕ್ಕೆ ಹಾಕಬೇಕಿತ್ತು.

ನಾನು ಹಾಕಲಿಲ್ಲ. ಈ ಕಾಲದಲ್ಲಿ ಈ ಹೆಸರು, ಈ ಟೋಪಿ ಕಂಡರೆ ಮದುವೆ ಮನೆಯವರು ಮುಂದಿನ ಪುಟ ತೆರೆಯುವುದಿಲ್ಲ ಎಂದುಕೊಂಡೆ. ಯಾರೂ ನನಗೆ ಹಾಗೆ ಹೇಳಿರಲಿಲ್ಲ. ನಾನೇ ತೀರ್ಮಾನ ಮಾಡಿದೆ. ನನ್ನ ಭಾವಮೈದ ಹಣೆತುಂಬ ವಿಭೂತಿ ಹಚ್ಚಿಕೊಂಡು ತೆಗೆಸಿಕೊಂಡ ಒಂದು ಒಳ್ಳೆಯ ಫೋಟೋ ಕಂಪ್ಯೂಟರಿನಲ್ಲಿತ್ತು. ಅದನ್ನು ಹಾಕಿದೆ. ಅಂಗಡಿಗೆ ಯಾರ ಹೆಸರೂ ಇಲ್ಲದ ಒಂದು ಹೆಸರಿಟ್ಟೆ. ಬರಹದಲ್ಲಿ ಇದ್ದ ‘ಅಬ್ಬಾ’ಗಳನ್ನೆಲ್ಲ ‘ಅಪ್ಪ’ ಮಾಡಿದೆ, ತಾತನ ಹೆಸರು ಬಂದಲ್ಲೆಲ್ಲ ‘ನಮ್ಮ ಹಿರಿಯರು’ ಎಂದು ತಿದ್ದಿದೆ. ಹೀಗೆ ಒಬ್ಬರ ತಂದೆಯನ್ನು ಕಿತ್ತು ನನ್ನ ಭಾವಮೈದನಿಗೆ ಕೊಟ್ಟೆ. ಅವನಿಗೆ ಸೂಜಿಗೆ ದಾರ ಪೋಣಿಸಲೂ ಬಾರದು.

ತಂದೆ ಮಗಳು ಬಂದು ನನ್ನ ಕಂಪ್ಯೂಟರಿನಲ್ಲಿ ನೋಡಿದರು.

“ಇದ್ಯಾರು ರುದ್ರಣ್ಣ? ನಮ್ಮಪ್ಪನ ಮಾತೆಲ್ಲ ಇವ್ರು ಹೇಳ್ತಾವ್ರೆ?”

“ಜಾಹೀರಾತು ಅಂದ್ರೆ ಹಂಗೇ ಸಾಹೇಬ್ರೇ. ಟೀವಿನಾಗೆ ಸೋಪು ಹಚ್ಕೊಂಡು ಮುಖ ತೊಳೀತಾಳಲ್ಲ, ಅವ್ಳೇನು ಸೋಪು ಮಾಡ್ದೋಳಾ?”

ಅವರು ನಕ್ಕರು. ಮಗಳು ನಗಲಿಲ್ಲ. “ಅಬ್ಬಾ ಫೋಟೋ ಹಾಕಿದ್ರೆ ಏನಾಗ್ತಿತ್ತು ಅಂಕಲ್?” ಎಂದಳು.

“ಏನೂ ಆಗಲ್ಲ ಕಣಮ್ಮ. ಇದು ಡಿಸೈನ್ ವಿಷ್ಯ. ಮುಂದೆ ಬದಲಾಯ್ಸೋಣ.”

ಮುಂದೆ ಅವರು ಎರಡು ಸಲ ನೆನಪು ಮಾಡಿದರು. ಎರಡು ಸಲವೂ ನಾನು ಅದೇ ಮಾತು ಹೇಳಿದೆ.

ವೆಬ್‌ಸೈಟ್ ನಡೆಯಿತು. ಆ ಬರಹದ ಲಿಂಕನ್ನು ಜನ ಒಬ್ಬರಿಗೊಬ್ಬರು ಕಳಿಸಿಕೊಂಡರು. ಹಾಸಿಗೆಗೆ ಫೋನುಗಳು ಬರತೊಡಗಿದವು, ಹಿಂಜುವ ಯಂತ್ರ ಮತ್ತೆ ದಿನವಿಡೀ ಓಡತೊಡಗಿತು. ಮಗಳು ಪಕ್ಕದ ಮನೆಯ ಇಬ್ಬರು ಹೆಂಗಸರನ್ನು ಹೊಲಿಗೆಗೆ ಸೇರಿಸಿಕೊಂಡಳು. ನಾನು ಬೀಗುತ್ತಿದ್ದೆ. ನನ್ನ ಊಹೆ ಸರಿಯಾಗಿತ್ತು ನೋಡು ಎಂದು ಹೆಂಡತಿಯ ಹತ್ತಿರವೂ ಹೇಳಿಕೊಂಡೆ. ಗಿರಾಕಿಗಳನ್ನು ತಂದದ್ದು ಬರಹವೇ ಹೊರತು ಮುಖವಲ್ಲ ಎಂದು ಆಗ ಹೊಳೆಯಲಿಲ್ಲ.

ಅಜ್ಜಂಪುರದ ಹತ್ತಿರದ ಒಂದು ಹಳ್ಳಿಯಿಂದ ಮದುವೆ ಹಾಸಿಗೆಗೆ ಕರೆ ಬಂತು. ಆ ಮನೆಯ ಲಗ್ನಪತ್ರಿಕೆಯೂ ನನ್ನಲ್ಲೇ ಅಚ್ಚಾಗಿತ್ತು. ತಂದೆ ಮಗಳು ಹತ್ತಿ ಮೂಟೆಗಳನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋಗಿ ಅಂಗಳದಲ್ಲಿ ಸುರಿದು ಕೂತಿದ್ದಾರೆ. ಅಲ್ಲಿ ನಡೆದದ್ದನ್ನು ಆಮೇಲೆ ಆ ಮನೆಯ ಯಜಮಾನರೇ ನನಗೆ ಹೇಳಿದರು. ಮದುವೆಗೆ ಬಂದಿದ್ದ ನೆಂಟರ ಹುಡುಗನೊಬ್ಬ ಮೊಬೈಲ್ ಹಿಡಿದು, ಫೋಟೋದಲ್ಲಿರುವ ಮಾಲೀಕ ಎಲ್ಲಿ ಎಂದು ಕೇಳಿದ. ಅಂಗಡಿ ನನ್ನದೇ ಎಂದರು ಇವರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಯಜಮಾನರು ನನಗೆ ಫೋನ್ ಮಾಡಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು.

ನನಗೆ ಮೊದಲು ಕೇಳಿಸಿದ್ದು ಒಬ್ಬ ಅಜ್ಜಿಯ ದನಿ. “ನನ್ ಮದ್ವೆ ಹಾಸ್ಗೆನೂ ಇವ್ರ ಅಪ್ಪನೇ ಹೊಲ್ದಿದ್ದು ಕಣ್ರೋ. ಅದ್ರಾಗೇನೈತೆ? ಬಿಡ್ರೋ, ಕೆಲ್ಸ ಮಾಡ್ಲಿ.”

“ಹೊಲೀಬೇಡ ಅಂದೋರ್ ಯಾರಜ್ಜಿ?” ಎಂದಿತು ಇನ್ನೊಂದು ದನಿ. “ಹೊಲೀಲಿ. ಇನ್ನೊಬ್ರ ಮುಖ ಹಾಕ್ಕೊಂಡು ಯಾಕ್ ಬಂದ, ಅದನ್ ಹೇಳ್ಲಿ.”

ಯಜಮಾನರು ಕೇಳಿದರು: “ರುದ್ರಣ್ಣ, ನೀನು ನಮ್ಮೋನು. ನಿಜ ಹೇಳು. ಈ ಫೋಟೋ ಹಾಕು ಅಂದಿದ್ದು ಯಾರು?”

ನಾನು ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನನ್ನು ಬೈಯುತ್ತಿದ್ದರು, ಕೇಳದೆ ಫೋಟೋ ಹಾಕಿದ್ದಕ್ಕೆ ಭಾವಮೈದ ಜಗಳಕ್ಕೆ ಬರುತ್ತಿದ್ದ, ಒಂದಷ್ಟು ಮನೆಗಳ ಲಗ್ನಪತ್ರಿಕೆ ತಪ್ಪುತ್ತಿತ್ತು. ಅಷ್ಟೇ. ನನಗೆ ಆ ಕ್ಷಣಕ್ಕೆ ಆ ಲಗ್ನಪತ್ರಿಕೆಗಳೇ ಕಂಡವು.

“ಅವ್ರೇ ಹೇಳಿದ್ರು” ಎಂದೆ.

ಫೋನಿಗೆ ತೀರ ಹತ್ತಿರದಿಂದ ಸಾಹೇಬರ ದನಿ ಬಂತು. ಸಿಟ್ಟಿರಲಿಲ್ಲ. “ಆಯ್ತು ರುದ್ರಣ್ಣ. ಫೋನ್ ಇಡಿ.”

ಅವರು ನನ್ನ ಮಾತನ್ನು ಸುಳ್ಳು ಎನ್ನಲಿಲ್ಲವಂತೆ. ಸುರಿದ ಹತ್ತಿಯನ್ನು ಮತ್ತೆ ಮೂಟೆಗೆ ತುಂಬಿಕೊಂಡು, ಅಜ್ಜಿ ಕೊಟ್ಟ ಕಾಫಿಯನ್ನು ನಿಂತೇ ಕುಡಿದು ಹೊರಟರಂತೆ. ಯಾಕೆ ಸುಮ್ಮನಿದ್ದರು ಎಂದು ನಾನು ತುಂಬ ಯೋಚಿಸಿದ್ದೇನೆ. ನಾನು ಹೇಳಿದ ಮೇಲೆ ಅವರ ಮಾತನ್ನು ಅಲ್ಲಿ ಯಾರು ನಂಬುತ್ತಿದ್ದರು? ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಆ ಪುಟದ ಸ್ಕ್ರೀನ್‌ಶಾಟ್ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಕೆಳಗೆ, ಹೆಸರು ಮುಚ್ಚಿಟ್ಟು ವ್ಯಾಪಾರ ಮಾಡುವವರಿದ್ದಾರೆ, ಹುಷಾರು ಎಂಬ ಸಾಲು. ತಲೆತಲಾಂತರದಿಂದ ಹೆಸರು ಹೇಳಿಕೊಂಡೇ ಜನರ ಅಂಗಳದಲ್ಲಿ ಕೂತು ಹೊಲಿದವರ ಮೇಲೆ ಬಂದ ಆಪಾದನೆ ಅದು. ನಾನು ಹೆದರಿ ಅದೇ ಸಂಜೆ ಇಡೀ ವೆಬ್‌ಸೈಟನ್ನೂ ಮಗಳು ಕಳಿಸಿದ್ದ ಮೆಸೇಜುಗಳನ್ನೂ ಅಳಿಸಿಹಾಕಿದೆ. ಪ್ರತಿ ಇಟ್ಟುಕೊಂಡಿರಲಿಲ್ಲ. ಅವರಿಗೆ ಬರುತ್ತಿದ್ದ ಕರೆಗಳು ನಿಂತವು.

ಕೆಲವು ದಿನಗಳ ಮೇಲೆ ಮಗಳು ಒಬ್ಬಳೇ ಅಂಗಡಿಗೆ ಬಂದಳು. ಬೈಯುತ್ತಾಳೆ ಎಂದು ನಾನು ಎದ್ದು ನಿಂತೆ.

“ಬೇರೆ ಏನೂ ಬೇಡ ಅಂಕಲ್. ತಾತನ ಬಗ್ಗೆ ಅಬ್ಬಾ ಹೇಳಿ ಬರೆಸಿದ್ರಲ್ಲ, ಅದಷ್ಟು ಕೊಡಿ. ನನ್ನ ಮೊಬೈಲ್ ಹಾಳಾಯ್ತು, ಅದರಾಗಿಂದೂ ಹೋಗೈತೆ.”

“ಅಳಿಸೋಯ್ತಮ್ಮ.”

“ಎಲ್ಲಾನೂ?”

“ಎಲ್ಲಾನೂ. ಅಬ್ಬನ ಕೈಲಿ ಇನ್ನೊಂದ್ಸಲ ಹೇಳ್ಸಿ ಬರ್ಕೋಬೋದಲ್ಲ.”

“ಈಗ ಅವ್ರು ಆ ಮಾತೇ ಎತ್ತಲ್ಲ ಅಂಕಲ್” ಎಂದು ಹೇಳಿ ಮೆಟ್ಟಿಲಿಳಿದು ಹೋದಳು.

ಅವರ ಹಾಸಿಗೆ ಅಂಗಡಿ ಮುಚ್ಚಿತು. ಹಿಂಜುವ ಯಂತ್ರವನ್ನು ಮಾರಿದರು. ಮಗಳಿಗೆ ಭದ್ರಾವತಿಗೆ ಮದುವೆಯಾಗಿ ಅವರೂ ಅಲ್ಲಿಗೇ ಹೋದರು ಎಂದು ಕೇಳಿದೆ. ಭದ್ರಾವತಿ ದೂರವೇನಲ್ಲ. ಒಂದು ಸಲ ಹೊರಟು ತರೀಕೆರೆಯಲ್ಲಿ ಬಸ್ಸಿಳಿದು, ಎದುರಿನ ಬಸ್ಸು ಹತ್ತಿ ಕಡೂರಿಗೆ ವಾಪಸು ಬಂದೆ. ಮತ್ತೆ ಹೊರಟಿಲ್ಲ.

ವೆಬ್‌ಸೈಟ್ ಚೆನ್ನಾಗಿ ನಡೆಯಬೇಕಾದರೆ ಏನು ಮಾಡಬೇಕು ಎಂದು ಈಗಲೂ ಕೆಲವು ಹುಡುಗರು ಬಂದು ಕೇಳುತ್ತಾರೆ. ಫೋಟೋ ಸ್ಪಷ್ಟವಾಗಿರಲಿ, ಫೋನ್ ನಂಬರ್ ಮೇಲೇ ಇರಲಿ, ಮಾತು ಸರಳವಾಗಿರಲಿ ಎಂದು ಹೇಳಿ ಕಳಿಸುತ್ತೇನೆ. ಅವರಿಗೆ ಹೇಳದೆ ಬಿಟ್ಟದ್ದನ್ನು ಇಲ್ಲಿ ಹೇಳುತ್ತೇನೆ. ಗಿರಾಕಿಗೆ ಏನು ಹಿಡಿಸುವುದಿಲ್ಲ ಎಂದು ನಾವು ಊಹಿಸಿ ಮುಚ್ಚಿಡುವಾಗ, ಬಹಳ ಸಲ ಅದು ನಮಗೇ ಹಿಡಿಸದ್ದಾಗಿರುತ್ತದೆ. ಗಿರಾಕಿಗಳೆಲ್ಲ ಆ ಅಜ್ಜಿಯಂಥವರು ಎಂದು ನಾನು ಹೇಳುವುದಿಲ್ಲ. ಆದರೆ ಅಂಥವರಿಗೂ ಒಂದು ಅವಕಾಶ ಸಿಗದಂತೆ ಮಾಡಿದವನು ನಾನು. ಆ ಟೋಪಿ, ಆ ಹೆಸರು ಕಂಡು ಮೊದಲು ಹಿಂಜರಿದದ್ದು ನನ್ನ ಮನಸ್ಸು.

ನಾನು ಕ್ಷಮೆ ಕೇಳದೆ ಉಳಿದದ್ದು ಹತ್ತಿ ಹಿಂಜುವ ಬಿಲ್ಲು ಹೊತ್ತು ಊರೂರು ನಡೆದ ತರೀಕೆರೆಯ ದಸ್ತಗೀರ್ ಸಾಬರ ಮಗ, ಹಾಸಿಗೆ ಹೊಲಿಯುವ ಗೌಸ್ ಪೀರ್ ಅವರಲ್ಲಿ.