ಮಟಿಲ್ಡಾ ಓದುವಾಗ ತುಂಬುವ ಬುಟ್ಟಿ

ಬೆಳಗಿನ ಆರೂವರೆ. ತೊಕ್ಕೊಟ್ಟಿನ ಆಚೆಯ ಗೇರುಬೀಜ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುವ ಮೂವತ್ತೆರಡು ಹೆಂಗಸರು ಉದ್ದ ಮೇಜಿನ ಸುತ್ತ ಕೂತಿದ್ದಾರೆ. ಎಲ್ಲರ ಕೈಗಳೂ ಓಡುತ್ತಿವೆ, ಒಬ್ಬರದ್ದನ್ನು ಬಿಟ್ಟು. ಐವತ್ತೇಳರ ಮಟಿಲ್ಡಾ ಕನ್ನಡಕ ಏರಿಸಿಕೊಂಡು ಹೊಸ ಕಾರ್ಮಿಕ ಕಾನೂನಿನ ಹಾಳೆಯನ್ನು ಗಟ್ಟಿಯಾಗಿ ಓದುತ್ತಿದ್ದಾರೆ. ಇಲ್ಲಿ ಕೂಲಿ ತೂಕದ ಮೇಲೆ. ಓದಿದ್ದಕ್ಕೆ ಅವರಿಗೆ ನಷ್ಟವಾಗಬಾರದೆಂದು ಪ್ರತಿಯೊಬ್ಬರೂ ತಾವು ಸುಲಿದ ಬೀಜದಲ್ಲಿ ಒಂದು ಹಿಡಿ ಅವರ ಬುಟ್ಟಿಗೆ ಹಾಕುತ್ತಾರೆ.

ಇಂದು ಓದು ನಡುವೆಯೇ ನಿಲ್ಲುತ್ತದೆ. ಬಾಗಿಲಲ್ಲಿ ಝಹ್ರಾ. ಇಪ್ಪತ್ತಾರು ವಾರಗಳ ಹೆರಿಗೆ ರಜೆ ಮುಗಿಸಿ ಬಂದಿದ್ದಾಳೆ. ಕಿಟಕಿ ಪಕ್ಕದ ಅವಳ ಜಾಗ ಹಾಗೇ ಇದೆ.

ಈ ರಜೆಯ ಹಿಂದೆ ಮಟಿಲ್ಡಾರ ಒಂದು ತಪ್ಪಿದೆ. 2018ರಲ್ಲಿ ಇದೇ ಮೇಜಿನಲ್ಲಿ ಇಂದಿಗೂ ಬೀಜ ಸುಲಿಯುವ ಝಹ್ರಾಳ ಅಕ್ಕ ರೈಹಾನಾ, ಆಗ ಚೊಚ್ಚಲ ಬಸುರಿ, ರಜೆ ಎಷ್ಟೆಂದು ಕೇಳಿದ್ದಳು. ಏಳನೇ ಕ್ಲಾಸು ಓದಿದ ಮಟಿಲ್ಡಾ ಹಳೆಯ ಪುಸ್ತಕ ನೋಡಿ ಹನ್ನೆರಡು ವಾರ ಎಂದರು. ಕಾನೂನು ಹಿಂದಿನ ವರ್ಷವೇ ಬದಲಾಗಿ ಇಪ್ಪತ್ತಾರು ವಾರವಾಗಿತ್ತು. ಕಾರ್ಖಾನೆಯವರೂ ಬಾಯಿ ಬಿಡಲಿಲ್ಲ. ಎರಡು ತಿಂಗಳ ಮಗುವನ್ನು ಮನೆಯಲ್ಲಿ ಬಿಟ್ಟು ಬಂದ ರೈಹಾನಾಳ ಕುಪ್ಪಸ ಹತ್ತು ಗಂಟೆಗೆಲ್ಲ ಎದೆಹಾಲಿಗೆ ಒದ್ದೆಯಾಗುತ್ತಿತ್ತು.

"ನಾನು ಪಕ್ಕದಲ್ಲೇ ಕೂತದ್ದು. ಅವಳು ಒಂದು ಮಾತು ಬೈಯಲಿಲ್ಲ. ಬೈದಿದ್ರೆ ಒಳ್ಳೆದಿತ್ತು" ಎನ್ನುತ್ತಾರೆ ಮಟಿಲ್ಡಾ.

ಅಂದಿನಿಂದ ಯಾವ ಹಾಳೆ ಸಿಕ್ಕರೂ ಅವರು ಮೊದಲು ತಾರೀಕು ನೋಡುತ್ತಾರೆ. ತಿಂಗಳಿಗೊಮ್ಮೆ ಅರ್ಧ ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ ಕಾರ್ಮಿಕ ಇಲಾಖೆಗೆ ಹೋಗಿ, ಪೆನ್ಸಿಲ್ ಗೆರೆ ಎಳೆದ ಸಾಲು ತೋರಿಸಿ "ಇದು ಈಗಲೂ ಉಂಟಾ?" ಎಂದು ವಿಚಾರಿಸುತ್ತಾರೆ.

ಝಹ್ರಾ ಬಸುರಿಯಾದಾಗ ಮ್ಯಾನೇಜರ್ ಜೊಕಿಮ್, ಕೆಲಸ ಬಿಡು, ಹೆತ್ತ ಮೇಲೆ ಹೊಸದಾಗಿ ಸೇರು ಎಂದರು. ಮಟಿಲ್ಡಾ ಹಾಳೆ ಹಿಡಿದು ಆಫೀಸಿಗೆ ನಡೆದರು. ಹಿಂದೆ ಇಡೀ ಮೇಜು.

"ನೀವು ಬೀಜ ಸುಲಿಯಲಿಕ್ಕೆ ಬರುವುದಾ, ಕೋರ್ಟು ನಡೆಸಲಿಕ್ಕಾ?" ಜೊಕಿಮ್ ಕೆಣಕಿದರು.

"ಎರಡಕ್ಕೂ, ಸರ್. ನನ್ನ ಬುಟ್ಟಿ ತೂಗಿ ನೋಡಿ, ಕಡಿಮೆ ಉಂಟಾ?"

ಬುಟ್ಟಿ ಕಡಿಮೆಯಿರಲಿಲ್ಲ. ಹಾಳೆಯ ತಾರೀಕೂ ಹಳೆಯದಾಗಿರಲಿಲ್ಲ. ಮೂರನೆಯ ದಿನ ಸಂಬಳ ಸಹಿತ ರಜೆ ಮಂಜೂರಾಯಿತು.

ಮುಂದಿನ ವರ್ಷ ಮಟಿಲ್ಡಾ ನಿವೃತ್ತರಾಗುತ್ತಾರೆ. ಅಷ್ಟರೊಳಗೆ ಮೇಜಿನಲ್ಲಿ ತಾರೀಕು ನೋಡುವವರು ಇನ್ನೊಬ್ಬರು ತಯಾರಾಗಬೇಕು, ಅವರಿಗೆ ಅಷ್ಟೇ ಆಸೆ.

ಝಹ್ರಾ ಕೂತು ಬೀಜಕ್ಕೆ ಕೈ ಹಾಕುತ್ತಾಳೆ. "ಓದಿ, ಮಟಿಲ್ಡಾ ಬಾಯಮ್ಮ, ನಾನು ಬಂದದ್ದಕ್ಕೆ ನಿಲ್ಲಿಸುವುದೆಂತ?"

ಮಟಿಲ್ಡಾ ಕನ್ನಡಕ ತೆಗೆದು ಒರೆಸುತ್ತಾರೆ. ಹಾಳೆಯನ್ನು ಪಕ್ಕದಲ್ಲಿ ಕೂತ ರೈಹಾನಾಳ ಮುಂದೆ ಸರಿಸುತ್ತಾರೆ. "ಇವತ್ತು ನೀನು ಓದು ಮಾರಾಯ್ತಿ. ನನಗೆ ಅಕ್ಷರ ಕಾಣುವುದಿಲ್ಲ."

ರೈಹಾನಾ ಮೊದಲು ತಾರೀಕು ಓದುತ್ತಾಳೆ, ಗಟ್ಟಿಯಾಗಿ. ಮಟಿಲ್ಡಾ ತಾವು ಸುಲಿದ ಮೊದಲ ಹಿಡಿಯನ್ನು ಅವಳ ಬುಟ್ಟಿಗೆ ಹಾಕುತ್ತಾರೆ.